ಇಳಿಯದ ಗೆರೆ

ಸೆಗೆದ್ ಊರಿನ ಆ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷ ಪಾರಿವಾಳದ ಎದೆಮಾಂಸ ಅರೆದು, ಅದರ ಜೀವಕೋಶಗಳ ಉಸಿರು ಅಳೆದವಳು ಇಲ್ದಿಕೊ. ಅಂಥವಳನ್ನು ಮೊನ್ನೆ ಮೊನ್ನೆ ಬಂದ ಬೋರ್ಬಾಲಾ "ನೇನಿ" ಅನ್ನುತ್ತಾಳೆ! ನೇನಿ ಅಂದರೆ ಅತ್ತೆ. ನಲವತ್ತಾರಕ್ಕೇ ಅತ್ತೆ! ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಆದರೆ ಆ ಹುಡುಗಿಯ ಪ್ರಯೋಗ ಗೆದ್ದರೆ ಇಷ್ಟು ದಿನ ಇಲ್ದಿಕೊಳ ಕೈಯಲ್ಲಿದ್ದ ಉಸಿರಳೆಯುವ ಯಂತ್ರದ ಉಸ್ತುವಾರಿ ಅವಳಿಗೇ ಎಂದು ಪ್ರೊಫೆಸರ್ ತಿಹಮೇರ್ ಮೀನು ಸಾರಿನ ತಟ್ಟೆ ಬಳಿಯುತ್ತ ಹೇಳಿಬಿಟ್ಟಿದ್ದರು. ಹೊಟ್ಟೆ ಉರಿಯದೆ ಇರುತ್ತದೆಯೇ? ಧಗಧಗ ಉರಿಯಿತು.

ಬೋರ್ಬಾಲಾ ಹಿಡಿದದ್ದು ತಿಸಾ ಹೊಳೆಯ ಕೆಸರಿನ ಒಂದು ಒಂಟಿಕೋಶದ ಜೀವಿಯನ್ನು. ಅವಳು ಅದರ ಬಗ್ಗೆ ಭಾಷಣ ಮಾಡಿದ ದಿನ ಇಲ್ದಿಕೊ ಬೇಕೆಂದೇ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಕೋಟ್ಯಂತರ ವರ್ಷಗಳ ಹಿಂದೆ ಒಂದು ಕೋಶ ಇನ್ನೊಂದನ್ನು ನುಂಗಿ, ಜೀರ್ಣಿಸಿಕೊಳ್ಳದೆ, ಗಾಳಿ ಬಳಸಿ ಶಕ್ತಿ ಕೊಡುವ ತನ್ನೊಳಗಿನ ಒಲೆಯಾಗಿ ಇಟ್ಟುಕೊಂಡಿತು ಎಂಬ ಕಥೆ ಇಲ್ದಿಕೊಗೆ ಬಾಯಿಪಾಠ. ಮಿಕ್ಕದ್ದನ್ನು ಯಾರು ಕೇಳುತ್ತಾರೆ?

ಆ ಯಂತ್ರಕ್ಕೊಂದು ಮಡಿ ಇದೆ. ಉಸಿರು ಕಟ್ಟಿಸುವ ವಿಷ ಹಾಕಿ ಅಳೆದವರು ಗಾಜಿನ ಪಾತ್ರೆಯನ್ನು ಸ್ಪಿರಿಟ್ಟಿನಲ್ಲಿ ಮೂರು ಸಲ ತೊಳೆಯಬೇಕು. ಬರೀ ನೀರಿಗೆ ವಿಷ ಬಿಡುವುದಿಲ್ಲ. ಬುಧವಾರ ಸಂಜೆ ಇಲ್ದಿಕೊ ವಿಷ ಹಾಕಿ ಅಳೆದು, ಪಾತ್ರೆಗೆ ಬರೀ ನೀರು ಹಾಕಿ ಹೋದಳು. ಕೋಶ ಉಸಿರಾಡಿದರೆ ಪರದೆಯ ಮೇಲಿನ ಗೆರೆ ಇಳಿಯಬೇಕು. ನಾಳೆ ಇಳಿಯದಿರಲಿ, ಆ ಸುಂದರಿ ಅಳುತ್ತ ಕೂರಲಿ!

ಮರುದಿನ ಬಂದು ನೋಡಿದರೆ ಪ್ರೊಫೆಸರ್ ಹಣ್ಣಿನ ಸಾರಾಯಿ ಬಗ್ಗಿಸುತ್ತಿದ್ದರು.

"ಬಾ ಬಾ ಇಲ್ದಿಕೊ! ಗೆರೆ ಕದಲಲೇ ಇಲ್ಲ ನೋಡು!"

"ಅದಕ್ಯಾಕೆ ಹಬ್ಬ?"

"ಅಯ್ಯೋ, ಅವಳು ಹೇಳಿದ್ದೇ ಅದಲ್ವಾ! ಈ ಜೀವಿ ಒಳಗಿನ ಒಲೆ ಕಳಕೊಂಡು ಗಾಳಿ ಇಲ್ದೇನೇ ಬದುಕುತ್ತೆ ಅಂತ. ಭಾಷಣದ ದಿನ ನಿದ್ದೆ ಹೊಡೀತಿದ್ಯಾ?"

ಇಲ್ದಿಕೊ ಬೋರ್ಬಾಲಾಳತ್ತ ತಿರುಗಿದಳು. "ಮೊದಲು ಪಾರಿವಾಳದ ಕೋಶ ಹಾಕಿ ಗೆರೆ ಇಳಿಯುತ್ತಾ ಅಂತ ನೋಡ್ಲಿಲ್ವೇನೆ?"

"ನೀವು ತೊಳೆದಿಟ್ಟ ಪಾತ್ರೆ ಮೇಲೆ ಅನುಮಾನನಾ, ನೇನಿ?" ಬೋರ್ಬಾಲಾ ನಕ್ಕಳು. "ಪ್ರಬಂಧದಲ್ಲಿ ನಿಮ್ಮ ಹೆಸರೂ ಹಾಕ್ತೀನಿ."

ಛೆ, ಬೈದಿದ್ದರೆ ಚೆನ್ನಾಗಿತ್ತು. ಸುಮ್ಮನಿದ್ದರೆ ಸುಳ್ಳಿಗೆ ತನ್ನ ಹೆಸರು. ಬಾಯಿಬಿಟ್ಟರೆ ಇಪ್ಪತ್ತೆರಡು ವರ್ಷದ ಮಾನ ಮಣ್ಣುಪಾಲು. ಅಂಥ ಹೊತ್ತಿನಲ್ಲೂ ಹಾಳು ಮನಸ್ಸು ಕುಟುಕಿತು: ಹೇಳಿಬಿಡು, ಇವಳ ಗೆಲುವೂ ಮುರಿಯುತ್ತದೆ.

"ನಾನು ತೊಳೀಲಿಲ್ಲ. ಬೇಕು ಅಂತಾನೇ ತೊಳೀಲಿಲ್ಲ. ವಿಷ ಹಾಗೇ ಇದೆ."

ಪ್ರೊಫೆಸರ್ ಲೋಟ ಕೆಳಗಿಟ್ಟರು. ಬೋರ್ಬಾಲಾ ಪಾತ್ರೆಯನ್ನು ಸ್ಪಿರಿಟ್ಟಿನಲ್ಲಿ ಮೂರು ಸಲ ತೊಳೆದಳು. ಪಾರಿವಾಳದ ಕೋಶ ಹಾಕಿದಳು. ಗೆರೆ ಸರ್ರನೆ ಇಳಿಯಿತು. ಮತ್ತೆ ತೊಳೆದು ಕೆಸರಿನ ಜೀವಿಯನ್ನು ಹಾಕಿದಳು. ಇಳಿ, ಇಳಿ ಎಂದು ಇಲ್ದಿಕೊ ಒಳಗೊಳಗೇ ಬೇಡಿಕೊಂಡಳು. ಹತ್ತು ನಿಮಿಷವಾದರೂ ಗೆರೆ ಕದಲಲಿಲ್ಲ. ಹುಡುಗಿ ಹೇಳಿದ್ದು ನಿಜವೇ ಆಗಿತ್ತು.

ಇಲ್ದಿಕೊ ಎಂದಿನಂತೆ ಪಾತ್ರೆಗೆ ಕೈ ಚಾಚಿದಳು.

"ಸ್ವಲ್ಪ ಆ ಕಡೆ ಸರೀರಿ, ಮೇಡಂ," ಅಂದಳು ಬೋರ್ಬಾಲಾ. "ನಾನೇ ತೊಳೀತೀನಿ."