ಕಂದು ಕಾಗದದ ದೋಣಿಗಳು

ನಮ್ಮ ಯಜಮಾನರು ಯಾವುದನ್ನೂ ಅರ್ಧ ಕೇಳಿಸಿಕೊಂಡು ಬರುವವರಲ್ಲ; ಪೂರ್ತಿ ಕೇಳಿಸಿಕೊಂಡು ಅರ್ಧ ಮಾಡುವವರು. ಗೋದಾಮಿನಲ್ಲಿ ಗುಮಾಸ್ತರು. ಸ್ವಂತ ಉದ್ಯೋಗದ ಬಗ್ಗೆ ಯಾರದೋ ಭಾಷಣ ಕೇಳಿ ಬಂದವರು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದರು.

"ಬರ್ನ್ ಯುವರ್ ಬೋಟ್ಸ್! ದಡ ಮುಟ್ಟಿದ ಮೇಲೆ ಬಂದ ದೋಣೀನ ನಾವೇ ಸುಟ್ಟುಬಿಡಬೇಕಂತೆ. ವಾಪಸ್ ಹೋಗೋ ದಾರಿ ಇಲ್ಲ ಅಂದಾಗಲೇ ಮನುಷ್ಯ ಗೆಲ್ಲೋದಂತೆ. ನಾಳೆ ನಾನು ರಾಜೀನಾಮೆ ಕೊಡ್ತೀನಿ, ನೀನು ಹೊಲಿಗೆ ಬಿಡು. ಇಬ್ಬರೂ ಸೇರಿ ರೆಡಿಮೇಡ್ ಅಂಗಡಿ ಹಾಕೋಣ."

"ನಿಮಗೆ ಈಜು ಬರುತ್ತಾ?" ಅಂತ ನಕ್ಕೆ. ನಗಬಾರದಿತ್ತು.

ಮರುದಿನ ಸಂಜೆ ದಾರದುಂಡೆ ತರಲು ಹೋಗಿದ್ದೆ. ಬಂದರೆ ಹಿತ್ತಲಲ್ಲಿ ಹೊಗೆ. ಒಳಗೆ ಗೋಡೆಯ ಮೊಳೆಗಳೆಲ್ಲ ಬೋಳು. ಹದಿನೇಳು ವರ್ಷದಿಂದ ನಾನು ಒಬ್ಬೊಬ್ಬರ ಮೈ ಅಳೆದು, ಕಂದು ಕಾಗದದಲ್ಲಿ ಕತ್ತರಿಸಿ, ಹೆಸರು ಬರೆದು ನೇತುಹಾಕಿದ್ದ ಅಳತೆಗಳಲ್ಲಿ ಒಂದೂ ಇರಲಿಲ್ಲ. ಅವುಗಳಲ್ಲಿ ನಮ್ಮ ಬೀದಿಯ ಶಾಲೆ ಮೇಷ್ಟ್ರದೂ ಇತ್ತು. ಅಪಘಾತದಲ್ಲಿ ಅವರ ಒಂದು ಭುಜ ಇಳಿದುಹೋಗಿತ್ತು. ನಾಲ್ಕು ಸಲ ಬಿಚ್ಚಿ ಹೊಲಿದ ಮೇಲೆ ಅಂಗಿ ಸರಿಯಾಗಿ ಕೂತಾಗ, ಕನ್ನಡಿ ಮುಂದೆ ನಿಂತು ಅವರು ಕಣ್ಣೊರೆಸಿಕೊಂಡಿದ್ದರು.

"ನಿನ್ನ ದೋಣಿ ಸುಟ್ಟೆ ನೋಡು!" ಅಂದರು ಇವರು, ಬಹುಮಾನ ಗೆದ್ದವರ ಮುಖ ಮಾಡಿ.

ಕೋಲು ತಗೊಂಡು ಬೂದಿ ಕೆದಕಿದೆ, ಒಂದು ತುಂಡೂ ಉಳಿದಿರಲಿಲ್ಲ. ಆದರೂ, ಹೋಗಲಿ, ತಮ್ಮ ಕೆಲಸವನ್ನೂ ಬಿಟ್ಟು ಬಂದಿದ್ದಾರಲ್ಲ, ಮುಳುಗಿದರೆ ಇಬ್ಬರೂ ಮುಳುಗೋಣ ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಬೆಳಿಗ್ಗೆ ಅವರ ಅಂಗಿ ನೆನೆಹಾಕುವ ಮುನ್ನ ಜೇಬು ತಡವಿದೆ. ನಾಲ್ಕು ಮಡಿಕೆಯ ರಾಜೀನಾಮೆ ಪತ್ರ ಸಿಕ್ಕಿತು.

"ಇದನ್ನ ಕೊಡಲಿಲ್ವಾ?"

ಅವರು ಹಲ್ಲುಜ್ಜುವುದನ್ನು ನಿಲ್ಲಿಸಿದರು. "ಅದೂ... ಅಂಗಡಿ ನಡೆಯುತ್ತೋ ಇಲ್ವೋ ನೋಡೋಣ ಅಂತ. ನಾಳೆ ಹೆಚ್ಚುಕಮ್ಮಿ ಆದರೆ ಮನೆಗೆ ಒಂದು ದಾರಿ ಅಂತ ಇರಬೇಕಲ್ವಾ?"

"ಹಾಗಾದರೆ ನನ್ನ ದುಡಿಮೆ ದಾರಿ ಆಗಿರಲಿಲ್ವಾ?"

ಅವರು ಮತ್ತೆ ಹಲ್ಲುಜ್ಜತೊಡಗಿದರು. ಬಚ್ಚಲಿನ ನಲ್ಲಿ ಸುಮ್ಮನೆ ಸುರಿಯುತ್ತಿತ್ತು.

ಪತ್ರವನ್ನು ಕತ್ತರಿಸುವ ಮೇಜಿನ ಮೇಲೆ ಮಗುಚಿ ಹಾಸಿದೆ. ಹಿಂಬದಿ ಖಾಲಿಯಿತ್ತು. ನೀಲಿ ಸೀಮೆಸುಣ್ಣ ಹಿಡಿದು ಮೇಷ್ಟ್ರ ಕಾಲರ್ ಬರೆದೆ, ಅದು ಕೈಗೇ ಗೊತ್ತಿತ್ತು. ಭುಜದ ಗೆರೆಗೆ ಬಂದಾಗ ಕೈ ನಿಂತಿತು. ಎರಡು ಬೆರಳು ಇಳಿಸಿದ್ದೆನೋ, ಎರಡೂವರೆಯೋ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.