ಕೆಂಪು ಅಂಗಿಯ ಜಿಗಿತ

ನಾನೊಂದು ಸ್ಪ್ಲೈಸರ್. ಸಿನಿಮಾ ರೀಲನ್ನು ಕತ್ತರಿಸಿ, ಎರಡು ತುದಿಗಳನ್ನು ಟೇಪಿನಿಂದ ಅಂಟಿಸುವ ಪುಟ್ಟ ಯಂತ್ರ. ಮುಂಬಯಿಯ ಒಂದು ವರ್ಕ್‌ಶಾಪಿನಲ್ಲಿ ಹುಟ್ಟಿ, ಮರದಪುಡಿ ತುಂಬಿದ ಪೆಟ್ಟಿಗೆಯಲ್ಲಿ ಬೆಂಗಳೂರಿನ ಗಾಂಧಿನಗರಕ್ಕೆ ಬಂದೆ. ಎಡಿಟರ್ ಅಶ್ವತ್ಥರಾಯರ ಮೇಜು ನನ್ನ ಮನೆಯಾಯಿತು.

“ಕಟ್ ಆಗಿದ್ದು ನೋಡೋರಿಗೆ ಗೊತ್ತಾಗಬಾರದು,” ಎನ್ನುತ್ತಿದ್ದರು ರಾಯರು. ನಾಯಕ ಎಡದಿಂದ ಬಲಕ್ಕೆ ಓಡಿದರೆ ಮುಂದಿನ ಶಾಟಿನಲ್ಲೂ ಹಾಗೆಯೇ ಓಡಬೇಕು. ಒಂದರಲ್ಲಿ ಎತ್ತಿದ ಕೈ ಇನ್ನೊಂದರಲ್ಲಿ ಬಾಗಿಲು ತಟ್ಟಬೇಕು. ಬೇರೆ ಬೇರೆ ದಿನ ತೆಗೆದ ಚೂರುಗಳು ನನ್ನ ಬಳಿ ಬಂದು ಒಂದೇ ಓಟವಾಗುತ್ತಿದ್ದವು. ನನಗೆ ಅದರಲ್ಲಿ ಹೆಮ್ಮೆಯಿತ್ತು.

ಒಮ್ಮೆ ಹೊಡೆದಾಟದ ದೃಶ್ಯವೊಂದು ಬಂತು. ಕೆಂಪು ಅಂಗಿಯ ನಾಯಕ ಮಹಡಿಯ ಅಂಚಿಗೆ ಓಡಿಬಂದು ಕಾಲೆತ್ತುತ್ತಾನೆ. ಮುಂದಿನ ಶಾಟಿನಲ್ಲಿ ಅಂಥದೇ ಅಂಗಿ ತೊಟ್ಟು, ಬೆನ್ನು ತೋರಿಸಿ ಕೆಳಗೆ ಹಾರುವವನು ಡ್ಯೂಪ್ ಮುನಿವೆಂಕಟಪ್ಪ. ಹಾಸಿದ್ದ ಹಾಸಿಗೆ ತಪ್ಪಿ ನೆಲಕ್ಕೆ ಬಿದ್ದ ಅವನು, ಸೊಂಟ ಹಿಡಿದು ಕ್ಯಾಮೆರಾ ಕಡೆ ತಿರುಗಿ ಬಾಯ್ತೆರೆದು ನರಳುತ್ತಾನೆ. ಆ ಮುಖ ಕಾಣುವ ಮೊದಲೇ ರಾಯರು ನನ್ನ ಬ್ಲೇಡ್ ಒತ್ತಿದರು. ನಾಯಕ ಧೂಳು ಕೊಡವಿಕೊಂಡು ಏಳುವ ಶಾಟನ್ನು ಅಲ್ಲಿಗೆ ಅಂಟಿಸಿದರು. ನರಳಾಟದ ಚೂರು ಕಸದ ಬುಟ್ಟಿಗೆ ಬಿತ್ತು.

“ಭೇಷ್! ಕಟ್ಟೇ ಕಾಣಲ್ಲ,” ಎಂದರು ನಿರ್ದೇಶಕರು.

ಚಿತ್ರ ಬಿಡುಗಡೆಯಾದ ಮೇಲೆ ಮುನಿವೆಂಕಟಪ್ಪ ಊರುಗೋಲು ಹಿಡಿದು, ಹೆಂಡತಿ ಅಕ್ಕಯಮ್ಮನ ಜೊತೆ ನಮ್ಮ ಕೋಣೆಗೆ ಬಂದ.

“ಸ್ವಾಮಿ, ಪಿಚ್ಚರ್‌ನಲ್ಲಿ ಹಾರಿದ್ದು ನಾನೇ ಅಂತ ಇವಳಿಗೆ ಹೇಳಿ. ಕುಡಿದು ಎಲ್ಲೋ ಬಿದ್ದು ಸೊಂಟ ಮುರ್ಕೊಂಡೆ ಅಂತಾವ್ಳೆ.”

“ನಾನೂ ಕಣ್ಣು ಬಿಟ್ಕೊಂಡು ನೋಡಿದ್ನಲ್ಲ. ಹಾರಿದ್ದೂ ಹೀರೋನೇ, ಎದ್ದಿದ್ದೂ ಹೀರೋನೇ,” ಎಂದಳು ಅಕ್ಕಯಮ್ಮ.

ರಾಯರು ರೀಲು ಹಾಕಿ, ಮೇಜಿನ ಚಿಕ್ಕ ಪರದೆಯ ಮೇಲೆ ಮೆಲ್ಲಗೆ ಓಡಿಸಿದರು. ನಾಯಕ ಕಾಲೆತ್ತಿದ ಮೇಲೆ ನಾನು ಅಂಟಿಸಿದ ಜಾಗ ದಾಟಿ, ಹಾರುವವನ ಬೆನ್ನು ಕಂಡ ಕೂಡಲೇ ನಿಲ್ಲಿಸಿದರು. ಅವಳು ಹತ್ತಿರ ಬಗ್ಗಿ ನೋಡಿದಳು. ದಿನವೂ ತಾನೇ ಎಣ್ಣೆ ಉಜ್ಜುವ ಬೆನ್ನು ಅವಳಿಗೆ ತಿಳಿಯದೇ?

“ಅಯ್ಯೋ, ಇದು ನಮ್ಮೋರ್ದೇ! ಬಿದ್ಮೇಲೆ ಏನಾಯ್ತು? ಅದು ತೋರ್ಸಿ ಸ್ವಾಮಿ.”

“ಅದನ್ನ... ತೆಗೆದುಹಾಕಿದೆನಮ್ಮ,” ಎಂದರು ರಾಯರು.

ಅವಳು ಕುಸಿದು ಗಂಡನ ಕಾಲು ಹಿಡಿದಳು. “ನಿಮ್ಮನ್ನ ನಂಬ್ಲಿಲ್ವಲ್ಲಾ, ತಪ್ಪಾಯ್ತು.”

ತಪ್ಪು ನಮ್ಮದಾಗಿತ್ತು, ಕ್ಷಮೆ ಕೇಳಿದವಳು ಅವಳು. ಅವರು ಮೆಟ್ಟಿಲಿಳಿದು ಹೋಗುವವರೆಗೂ ರಾಯರು ತಲೆಯೆತ್ತಲಿಲ್ಲ.

ಆಮೇಲೆ ನಿರ್ಮಾಪಕರನ್ನು ಕರೆಸಿ, ಇನ್ನು ಮುಂದೆ ತೆಗೆಯುವ ಪ್ರಿಂಟುಗಳ ಟೈಟಲ್ ಕಾರ್ಡಿನಲ್ಲಾದರೂ ಮುನಿವೆಂಕಟಪ್ಪನ ಹೆಸರು ಸೇರಿಸಿ ಎಂದು ಬೇಡಿಕೊಂಡರು. “ಹೀರೋ ಹಾರಿಲ್ಲ ಅಂತ ನಾವೇ ಸಾರಬೇಕೇನ್ರೀ?” ಎಂದು ಅವರು ನಕ್ಕು ಎದ್ದುಹೋದರು.

ಅಂದಿನಿಂದ ರಾಯರು ಹೊಡೆದಾಟದ ಚಿತ್ರ ಒಪ್ಪಿಕೊಳ್ಳಲಿಲ್ಲ. ಕೆಲಸ ಕಡಿಮೆಯಾಗಿ ನನ್ನನ್ನು ಬೇರೆಯವರಿಗೆ ಕೊಟ್ಟರು. ಒಲ್ಲೆ ಎನ್ನಲು ನನಗೆ ಬಾಯಿಲ್ಲ. ಕೈಯಿಂದ ಕೈಗೆ ಹೋಗುತ್ತ ಇನ್ನೆಷ್ಟೋ ಜನರ ಮುಖಗಳನ್ನು ಕತ್ತರಿಸಿ ಬುಟ್ಟಿಗೆ ಹಾಕಿದೆ.

ಕಂಪ್ಯೂಟರ್ ಬಂತು, ರೀಲು ಹೋಯಿತು. ಈಗ ಸಿನಿಮಾ ಶಾಲೆಯೊಂದರ ಕಪಾಟಿನಲ್ಲಿದ್ದೇನೆ. ಮೇಷ್ಟ್ರು ಆಗಾಗ ನನ್ನನ್ನು ಹೊರತೆಗೆದು ವಿದ್ಯಾರ್ಥಿಗಳ ಕೈಗೆ ಕೊಡುತ್ತಾರೆ. ಯಾರಾದರೂ ಹಿಂಜರಿದರೆ, “ಹಿಡ್ಕೊಳ್ಳಿ ಪರವಾಗಿಲ್ಲ, ಇದರಿಂದ ಯಾರಿಗೂ ಏನೂ ಆಗಲ್ಲ,” ಎನ್ನುತ್ತಾರೆ.

ಆಗ ನನಗೆ ಬೇಗ ಕಪಾಟಿಗೆ ಮರಳಿದರೆ ಸಾಕೆನಿಸುತ್ತದೆ.