ಪಂದ್ಯದ ದಿನವಷ್ಟೇ ಅಲ್ಲ

ಶೀತಲಳಿಗೆ ತನ್ನ ಕೆಲಸ ಇಷ್ಟವಿತ್ತು. ಇದನ್ನು ಮೊದಲೇ ಹೇಳಬೇಕು, ಯಾಕೆಂದರೆ ಆಮೇಲೆ ನಡೆದದ್ದನ್ನು ಕೇಳಿದ ಕೆಲವರು ಅವಳು ಬೇಸತ್ತು ಜಗಳ ತೆಗೆದಳು ಎಂದುಕೊಂಡರು.

ಸಾಲ್ಸೆಟ್ ರೈಡರ್ಸ್ ಎಂಬ ಕಬಡ್ಡಿ ತಂಡಕ್ಕೆ ಅವಳು ಮೂರು ವರ್ಷದಿಂದ ಚಿಯರ್‌ಲೀಡರ್ ಆಗಿದ್ದಳು. ಒಳಾಂಗಣ ಕ್ರೀಡಾಂಗಣದ ಮೂಲೆಯಲ್ಲಿ ಸಣ್ಣದೊಂದು ಹಲಗೆ ವೇದಿಕೆ, ಅದರ ಮೇಲೆ ಎಂಟು ಹುಡುಗಿಯರು. ತಮ್ಮ ರೈಡರ್ ಅಂಕ ತಂದೊಡನೆ ಹಾಡು ಮೊಳಗುತ್ತದೆ. ಮುಂದಿನ ರೈಡ್‌ಗೆ ಮೊದಲು ಆರೇಳು ಸೆಕೆಂಡು ಮಾತ್ರ. ಅಷ್ಟರಲ್ಲಿ ಕುಣಿದು, ತಿರುಗಿ, ಏದುಸಿರು ಕಾಣದಂತೆ ನಿಂತುಬಿಡಬೇಕು. ತಂಡ ಸೋಲುತ್ತಿರುವಾಗ ತಣ್ಣಗೆ ಕೂತ ಜನರನ್ನು ಎಬ್ಬಿಸುವುದು ಹೇಗೆಂದು ಅವಳಿಗೆ ಗೊತ್ತಿತ್ತು. ಮೊದಲು ಮೇಲಿನ ಸಾಲಿನ ಮಕ್ಕಳ ಕಡೆ ನೋಡಿ ಚಪ್ಪಾಳೆ ತಟ್ಟಬೇಕು. ಮಕ್ಕಳು ಎದ್ದರೆ ತಾಯಂದಿರೂ ಏಳುತ್ತಾರೆ, ಆಮೇಲೆ ಗಂಡಸರು ಕೂತಿರುವುದಿಲ್ಲ.

ಮನೆ ಮುಂಬಯಿಯ ಸಯನ್‌ನಲ್ಲಿ. ತಂದೆ ಸಿದ್ದರಾಮಪ್ಪ ವಿಜಯಪುರದ ಕಡೆಯವರು. ಔಷಧ ಕಂಪನಿಯೊಂದರ ಟೈಮ್ ಆಫೀಸಿನಲ್ಲಿ ಮೂವತ್ತು ವರ್ಷ ಕಾರ್ಮಿಕರ ಹಾಜರಿ ನೋಡಿಕೊಂಡು ನಿವೃತ್ತರಾಗಿದ್ದರು. ಮಗಳು ಈ ಕೆಲಸ ಹಿಡಿದಾಗ ಮನೆಯಲ್ಲಿ ಎರಡು ದಿನ ಯಾರೂ ಹೆಚ್ಚು ಮಾತಾಡಲಿಲ್ಲ. ಮೂರನೆಯ ದಿನ ತಾಯಿ ದಾನವ್ವ, "ಕುಣಿಯೂದು ಅಂದಮ್ಯಾಲ ಚಂದಂಗ ಕುಣಿ. ಅರ್ಧಮರ್ಧ ಮಾಡಬ್ಯಾಡ" ಅಂದಳು. ಅಲ್ಲಿಗೆ ಆ ವಿಷಯ ಮುಗಿದಿತ್ತು.

ಒಪ್ಪಂದದ ಪ್ರಕಾರ ಹುಡುಗಿಯರಿಗೆ ಸಂಬಳ ಸಿಗುವುದು ಪಂದ್ಯಕ್ಕೆ ಇಷ್ಟು ಎಂದು. ಸೀಸನ್‌ಗೆ ಮೊದಲು ಮಲಾಡ್‌ನ ಹಾಲ್ ಒಂದರಲ್ಲಿ ತಿಂಗಳುಗಟ್ಟಲೆ ರಿಹರ್ಸಲ್ ನಡೆಯುತ್ತಿತ್ತು. ಅದಕ್ಕೆ ಏನೂ ಇಲ್ಲ. ಹಾಗಾಗಿ ಎಲ್ಲರಿಗೂ ಇನ್ನೊಂದು ಕೆಲಸವಿತ್ತು. ಶೀತಲ ಬೆಳಗ್ಗೆ ಜಿಮ್ ಒಂದರಲ್ಲಿ ಏರೋಬಿಕ್ಸ್ ಹೇಳಿಕೊಡುತ್ತಿದ್ದಳು. ಅವಳ ಗೆಳತಿ ನಿಶಾ ದಹಿಸರ್‌ನಲ್ಲಿ ಮಕ್ಕಳ ಎರಡು ಬ್ಯಾಚ್‌ಗೆ ಡ್ಯಾನ್ಸ್ ಕಲಿಸಿ, ಲೋಕಲ್ ರೈಲು ಹಿಡಿದು ಓಡಿ ಬರುತ್ತಿದ್ದಳು. ಮೂರು ವರ್ಷ ಯಾರೂ ಇದನ್ನು ಪ್ರಶ್ನಿಸಿರಲಿಲ್ಲ.

ಈ ಸಲ ಸೀಸನ್‌ಗೆ ಮೂರು ವಾರ ಇರುವಾಗ ನಿಶಾ ಬಿದ್ದಳು. ಆಟಗಾರರು ಮೈದಾನಕ್ಕೆ ಬರುವಾಗಿನ ಹೊಸ ನೃತ್ಯ ಅದು, ಎಂಟ್ರಿ ಡ್ಯಾನ್ಸ್. ಅದರಲ್ಲಿ ಇಬ್ಬರ ಹೆಗಲ ಮೇಲಿಂದ ಒಬ್ಬಳು ಜಿಗಿಯಬೇಕಿತ್ತು. ನಿಶಾಳ ಪಾದ ಹೊರಳಿತು, ಕಣಕಾಲು ನೋಡುನೋಡುತ್ತಲೇ ಊದಿತು. ಹುಡುಗಿಯರನ್ನು ಒದಗಿಸುತ್ತಿದ್ದ ಏಜೆನ್ಸಿಯ ಸೂಪರ್‌ವೈಸರ್ ಹಿತೇಶ್ ಓಡಿಹೋಗಿ ಐಸ್ ತಂದ. ಅದೇ ಕಟ್ಟಡದ ಕೆಳಗಿನ ಮಹಡಿಯಲ್ಲಿ ತಂಡದ ಫಿಸಿಯೋ ಇದ್ದಳು.

"ಅವರನ್ನ ಕರೀರಿ ನಾ" ಅಂದಳು ಶೀತಲ.

"ಅದು ಪ್ಲೇಯರ್ಸಿಗೆ ಮಾತ್ರ" ಅಂದ ಹಿತೇಶ್. ಅವನಿಗೂ ಸಂಕಟವಾಗುತ್ತಿತ್ತು. "ಪಂದ್ಯದ ದಿನ ಬಿದ್ದಿದ್ರೆ ಇನ್ಶೂರೆನ್ಸ್ ಆದ್ರೂ ಇತ್ತು. ರಿಹರ್ಸಲ್ ಅದ್ರಲ್ಲಿ ಬರುದಿಲ್ಲ."

ಶೀತಲ ನಿಶಾಳನ್ನು ರಿಕ್ಷಾದಲ್ಲಿ ದಹಿಸರ್‌ಗೆ ಕರೆದೊಯ್ದಳು. ದಾರಿಯುದ್ದಕ್ಕೂ ನಿಶಾ ಅವಳನ್ನೇ ಸಮಾಧಾನ ಮಾಡುತ್ತಿದ್ದಳು. "ಹೋಗ್ಲಿ ಬಿಡು ಮಾರಾಯ್ತಿ. ಹಿತೇಶಣ್ಣ ನಮ್ಮ ಊರಿನ ಕಡೆಯವರು. ಈ ಕೆಲಸ ಕೊಡಿಸಿದ್ದೇ ಅವರು. ಅವರಿಗೆ ಎದುರು ಹೇಗೆ ಮಾತಾಡುದು?"

ಮರುದಿನ ಭಾನುವಾರ. ಬೆಳಗಿನ ಚಹಾ ಕುಡಿಯುತ್ತ ಶೀತಲ ನಡೆದದ್ದನ್ನು ಮನೆಯಲ್ಲಿ ಹೇಳಿದಳು. ಸಿದ್ದರಾಮಪ್ಪ ಮಗಳ ಒಪ್ಪಂದದ ಕಾಗದ ತರಿಸಿಕೊಂಡರು. ಅವರು ಅದನ್ನು ನೋಡಿದ್ದು ಅದೇ ಮೊದಲು.

"ಇದರಾಗ ಪಗಾರದ್ದು ಏನಂತ ಬರದಾರ?"

"ಪರ್ ಮ್ಯಾಚ್, ಪಪ್ಪಾ. ಬಾಕಿ ಕುಛ್ ಲಿಖಾ ನಹೀ, ಏನೂ ಬರದಿಲ್ಲ."

"ಪ್ರ್ಯಾಕ್ಟೀಸಿಗೆ ಬರಬೇಕು ಅಂತ ಎಲ್ಲಿ ಬರದೈತಿ?"

ಶೀತಲ ಮೂರು ಪುಟ ತಿರುವಿ ಹಾಕಿದಳು. ಎಲ್ಲಿಯೂ ಇರಲಿಲ್ಲ.

"ನಮ್ಮ ಕಂಪನಿಯೊಳಗ ಒಂದ್ಸಲ ಮಂದಿ ಸ್ಟ್ರೈಕ್ ಮಾಡ್ಲಿಲ್ಲ" ಅಂದರು ಸಿದ್ದರಾಮಪ್ಪ. "ಕಾಗದದಾಗ ಇದ್ದದ್ದಷ್ಟ ಮಾಡಿದ್ರು. ಒಂದು ಕಡ್ಡಿನೂ ಹೆಚ್ಚಿಗಿ ಎತ್ತಲಿಲ್ಲ. ಹನ್ನೊಂದನೇ ದಿನಕ್ಕ ಸಾಹೇಬರು ತಾವಾಗೇ ಮಾತಿಗೆ ಕರದ್ರು."

"ನೀವು ಯಾರ ಸೈಡ್ ಇದ್ರಿ ಪಪ್ಪಾ?"

"ನಾ ಹಾಜರಿ ಬರಿಯಾಂವ. ಬಂದವರನ್ನ ಬಂದಾರ ಅಂತ ಬರದೆ. ಅದರಾಗ ಸೈಡ್ ಎಲ್ಲಿಂದ ಬಂತು?" ಅಂದು ಅವರು ಚಹಾ ಮುಗಿಸಿದರು.

ಸೋಮವಾರ ಮಲಾಡ್ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ಏಳು ಹುಡುಗಿಯರು ಸೇರಿದರು. ಎಂಟನೆಯವಳು ನಿಶಾ ಫೋನಿನಲ್ಲಿ ಕೇಳಿಸಿಕೊಳ್ಳುತ್ತಿದ್ದಳು. ಹಿತೇಶ್ ಮೂಲಕ ಏಜೆನ್ಸಿಗೆ ಕೊಡಲು ಎಲ್ಲರೂ ಸೇರಿ ಒಂದು ಪತ್ರ ಬರೆದರು. ರಿಹರ್ಸಲ್ ದಿನಕ್ಕೆ ಪಂದ್ಯದ ಸಂಬಳದ ಅರ್ಧ, ಪೆಟ್ಟಾದರೆ ಚಿಕಿತ್ಸೆ, ಪಂದ್ಯ ಮುಗಿದ ಮೇಲೆ ಮನೆ ತಲುಪಿಸಲು ಗಾಡಿ. ಅಲ್ಲಿಯವರೆಗೆ ಒಪ್ಪಂದದಲ್ಲಿ ಇರುವ ಕೆಲಸ ಮಾಡುವುದು, ಅಂದರೆ ಪಂದ್ಯ. ಹೆದರಿಕೆ ಇದ್ದವರು ರಿಹರ್ಸಲ್‌ಗೆ ಹೋಗಬಹುದು, ಯಾರೂ ಮುನಿಸಿಕೊಳ್ಳಬಾರದು ಎಂದೂ ಮಾತಾಯಿತು. ಬಾಡಿಗೆಯ ಚಿಂತೆಯಿದ್ದ ಒಬ್ಬಳು ಒಂದು ದಿನ ಹೋದಳು. ಅಷ್ಟು ದೊಡ್ಡ ಹಾಲಿನಲ್ಲಿ ಒಬ್ಬಳೇ ಕುಣಿಯುವುದು, ಹಿತೇಶ್ ಕುರ್ಚಿಯಲ್ಲಿ ಕೂತು ನೋಡುವುದು. ಅರ್ಧ ಗಂಟೆಗೆ ಇಬ್ಬರಿಗೂ ನಗು ಬಂದು, ಅವಳು ಮನೆಗೆ ಹೊರಟಳಂತೆ.

ಏಜೆನ್ಸಿಯಿಂದ ಉತ್ತರ ಬರಲಿಲ್ಲ. ಹಿತೇಶ್ ಬೇರೆ ಎರಡು ಡ್ಯಾನ್ಸ್ ತಂಡಗಳನ್ನು ವಿಚಾರಿಸಿದ. ಇಷ್ಟು ಕಡಿಮೆ ದಿನದಲ್ಲಿ, ಪುಕ್ಕಟೆ ರಿಹರ್ಸಲ್‌ಗೆ ಯಾರೂ ಸಿಗಲಿಲ್ಲ. ಕೊನೆಗೆ ಅವನು ನಿಶಾಳಿಗೆ ಫೋನ್ ಮಾಡಿದ.

"ನಿನ್ನನ್ನು ಇಲ್ಲಿಗೆ ಕರ್ಕೊಂಡು ಬಂದದ್ದು ನಾನಲ್ವಾ?"

"ಹೌದು ಅಣ್ಣ, ಮರೀಲಿಲ್ಲ" ಅಂದಳು ನಿಶಾ. ಅವಳ ಕಾಲು ದಿಂಬಿನ ಮೇಲಿತ್ತು. "ನೀವು ಓಡಿಹೋಗಿ ಐಸ್ ತಂದದ್ದೂ ಮರೀಲಿಲ್ಲ. ಆದ್ರೆ ಐಸ್ ಸಾಕಾಗ್ಲಿಲ್ಲ ಅಣ್ಣ. ನಿಮ್ಮ ಮನೆ ಹುಡುಗಿ ಬಿದ್ದಿದ್ರೆ ನೀವೂ ಹೀಗೇ ಪತ್ರ ಬರೀತಿದ್ರಿ. ಒಂದು ಮಾತು ಮೇಲಿನವರಿಗೆ ಹೇಳಿ."

ಕಾಲು ಈಗ ಹೇಗಿದೆ ಎಂದಷ್ಟೇ ಕೇಳಿ ಹಿತೇಶ್ ಫೋನ್ ಇಟ್ಟ.

ಮೊದಲ ಪಂದ್ಯದ ಸಂಜೆ ಏಳೂ ಹುಡುಗಿಯರು ಸಮವಸ್ತ್ರ ತೊಟ್ಟು, ಮೇಕಪ್ ಮಾಡಿಕೊಂಡು, ಪಂದ್ಯಕ್ಕೆ ಅರ್ಧ ಗಂಟೆ ಮೊದಲು ಬಂದರು. ಎಂಟ್ರಿ ಡ್ಯಾನ್ಸ್ ಇಲ್ಲದೆ ಆಟಗಾರರು ಸುಮ್ಮನೆ ಓಡಿ ಬಂದರು. ಬಣ್ಣದ ದೀಪಗಳು ಖಾಲಿ ನೆಲದ ಮೇಲೆ ತಿರುಗಿದವು. ಆದರೆ ಆಟ ಶುರುವಾದ ಮೇಲೆ ಹುಡುಗಿಯರು ಹೋದ ವರ್ಷದ ನೃತ್ಯಗಳನ್ನೇ ಮೈದುಂಬಿ ಕುಣಿದರು. ಟಿಕೆಟ್ ಕೊಂಡು ಬಂದವರ ಮೇಲೆ ಅವರಿಗೆ ಯಾವ ಸಿಟ್ಟೂ ಇರಲಿಲ್ಲ. ತಂಡ ಐದು ಅಂಕ ಹಿಂದಿದ್ದಾಗ ಶೀತಲ ಮೇಲಿನ ಸಾಲನ್ನು ಎಬ್ಬಿಸಿದಳು, ಇಡೀ ಕ್ರೀಡಾಂಗಣ ಎದ್ದಿತು.

ವಿರಾಮದಲ್ಲಿ ತಂಡದ ಮ್ಯಾನೇಜರ್ ನಮಿತಾ ವೇದಿಕೆಯ ಹಿಂದೆ ಬಂದಳು. ಎಂಟ್ರಿ ಡ್ಯಾನ್ಸ್ ಏನಾಯಿತು ಎಂದು ಹಿಂದಿಯಲ್ಲಿ ಕೇಳಿದಳು. ದನಿ ಬಿಗಿಯಾಗಿತ್ತು.

"ಅದನ್ನು ಕಲಿಯೋಕೆ ಹದಿನೈದು ದಿನ ಬೇಕಿತ್ತು ಮೇಡಂ" ಎಂದು ಶೀತಲ ಹಿಂದಿಯಲ್ಲೇ ಹೇಳಿದಳು. "ಆ ದಿನಗಳು ನಮ್ಮ ಒಪ್ಪಂದದಲ್ಲಿ ಇಲ್ಲ."

"ಹಾಗಾದರೆ ಇಷ್ಟು ವರ್ಷ ಹೇಗೆ ಕಲಿತಿರಿ?"

"ಪುಕ್ಕಟೆ."

ನಮಿತಾಳ ದನಿಯ ಬಿಗಿ ಸಡಿಲಿತು. "ಆಟಗಾರರ ತರಬೇತಿ ಶಿಬಿರದ ಭತ್ಯೆಗೆ ನಾನೇ ಸಹಿ ಹಾಕುತ್ತೇನೆ. ನಿಮ್ಮದು ಏನೆಂದು ನಾನು ಒಮ್ಮೆಯೂ ಕೇಳಲಿಲ್ಲ" ಅಂದಳು. ನಂತರ ಕೇಳಿದಳು, "ಆ ಎಂಟನೆಯ ಹುಡುಗಿ ಎಲ್ಲಿ?"

ಶೀತಲ ನಿಶಾಳ ಕಾಲಿನ ವಿಷಯ ಹೇಳಿದಳು. ಅಷ್ಟರಲ್ಲಿ ಸೀಟಿ ಕೇಳಿಸಿತು, ಅವಳು ವೇದಿಕೆ ಹತ್ತಿದಳು.

ಬುಧವಾರ ತಂಡದ ಆಫೀಸಿಗೆ ಕರೆ ಬಂತು. ಹಿತೇಶ್ ಮೊದಲೇ ಅಲ್ಲಿದ್ದ. ಹುಡುಗಿಯರ ಪತ್ರವನ್ನು ಹಿಂದಿನ ದಿನ ತಾನೇ ನಮಿತಾಳಿಗೆ ತಲುಪಿಸಿ, "ಇದರಲ್ಲಿ ಬರೆದದ್ದೆಲ್ಲ ನಿಜ" ಎಂದಿದ್ದ. ತಂಡದವರಿಗೆ ಹೇಳಿದರೆ ಏಜೆನ್ಸಿಯ ಕಾಂಟ್ರ್ಯಾಕ್ಟ್ ಹೋಗುತ್ತದೆಂದು ಹೆದರಿ ಅಷ್ಟು ದಿನ ಸುಮ್ಮನಿದ್ದೆ ಎಂದು ಆಮೇಲೆ ನಿಶಾಳ ಹತ್ತಿರ ಒಪ್ಪಿಕೊಂಡ.

ಮಾತುಕತೆ ಒಂದು ಗಂಟೆ ನಡೆಯಿತು. ರಿಹರ್ಸಲ್ ದಿನಕ್ಕೆ ಅರ್ಧ ಸಂಬಳ ಒಪ್ಪಿಗೆಯಾಯಿತು. ವಿಮೆ ಮತ್ತು ಫಿಸಿಯೋ ಸೌಲಭ್ಯ ಹುಡುಗಿಯರಿಗೂ ಸಿಕ್ಕವು. ಹಿಂದಿನ ವರ್ಷಗಳ ದಿನಗಳ ಬಗ್ಗೆ ಒಬ್ಬಳು ಕೇಳಿದಳು. ಅದು ಸಾಧ್ಯವಿಲ್ಲ ಎಂದರು. ಗಾಡಿಯ ವಿಷಯದಲ್ಲಿ ನಮಿತಾ, "ಈ ಸೀಸನ್ ಆಗುವುದಿಲ್ಲ, ಮುಂದಿನ ವರ್ಷ ನೋಡೋಣ" ಅಂದಳು.

"ನೋಡೋಣ ಅಂದದ್ದನ್ನೂ ಬರೆಯಿರಿ ಮೇಡಂ" ಅಂದಳು ಶೀತಲ. ನಮಿತಾ ನಕ್ಕು ಅದನ್ನೂ ಬರೆಸಿದಳು.

ಹೊಸ ಕಾಗದವನ್ನು ಸಿದ್ದರಾಮಪ್ಪ ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ಓದಿದರು. "ಚಲೋ ಐತಿ. ಆದ್ರ ಕಡೀ ಪುಟದಾಗ ತಾರೀಖ್ ಹಾಕಿಲ್ಲ. ನಾಳೆ ಹಾಕಿಸ್ಕೊಂಡು ಬಾ."

"ಮೊದಲ ಊಟ ಮಾಡ್ಲಿ ಬಿಡ್ರಿ" ಎಂದು ದಾನವ್ವ ಬಿಸಿ ರೊಟ್ಟಿಯ ಜೊತೆ ಎಣ್ಣೆಗಾಯಿ ಬಡಿಸಿದಳು.

ಆ ಮಾತುಕತೆಯಾಗಿ ಹದಿನೆಂಟು ದಿನಗಳ ಮೇಲೆ ನಿಶಾ ರಿಹರ್ಸಲ್‌ಗೆ ಬಂದಳು. ಇನ್ನೊಂದು ವಾರ ಜಿಗಿಯಕೂಡದು ಎಂದು ಫಿಸಿಯೋ ಹೇಳಿದ್ದರಿಂದ ಕುರ್ಚಿಯಲ್ಲಿ ಕೂತು ತಾಳ ಎಣಿಸುವುದು ಅವಳ ಕೆಲಸವಾಯಿತು. ಆ ದಿನಗಳಿಗೂ ಸಂಬಳವಿತ್ತು. ಮಕ್ಕಳ ಎರಡು ಬ್ಯಾಚ್‌ಗಳಲ್ಲಿ ಒಂದನ್ನು ಅವಳು ಬೇರೆಯವರಿಗೆ ಬಿಟ್ಟುಕೊಟ್ಟಿದ್ದಳು. ಮೊದಲು ನಾಲ್ಕೂವರೆ ಆದೊಡನೆ ಒಬ್ಬೊಬ್ಬರೇ ಚೀಲ ಎತ್ತಿಕೊಂಡು ಮುಂದಿನ ಕೆಲಸಕ್ಕೆ ಓಡುತ್ತಿದ್ದರು. ಈಗ ಗಡಿಯಾರ ನೋಡುವವರು ಕಡಿಮೆ. ಹೆಗಲ ಮೇಲಿಂದ ಜಿಗಿಯುವ ಭಾಗವನ್ನು ಅವಸರವಿಲ್ಲದೆ, ಕೆಳಗೆ ದಪ್ಪ ಮ್ಯಾಟ್ ಹಾಸಿ, ಹಂತಹಂತವಾಗಿ ಕಲಿತರು.

"ನಾಲ್ಕನೇ ತಾಳಕ್ಕೆ ಮಂಡಿ ಬಗ್ಗಿಸಿ, ಐದಕ್ಕಲ್ಲ" ಎಂದು ನಿಶಾ ಕುರ್ಚಿಯಿಂದಲೇ ಹೇಳಿದಳು. "ಗಡಿಬಿಡಿ ಬೇಡ. ಇನ್ನೊಮ್ಮೆ ಮಾಡುವ."

ಶೀತಲ ಹಾಡನ್ನು ಮೊದಲಿನಿಂದ ಹಾಕಿದಳು.